ಮೂವತ್ತು ದಿನದ ನೋಟಿಸು, ಶುಕ್ರವಾರದ ರಿಲೀಸು

ಎಲೆಕ್ಟಿವ್ ಆರಿಸೋ ದಿನ ಪಟ್ಟಿಯಲ್ಲಿ ‘ಐಟಿ ಗವರ್ನೆನ್ಸ್’ ಅಂತ ಕಂಡಿದ್ದೇ ತಡ, ನಮ್ಮ ಬೆಂಚಿನಲ್ಲಿ ಎಲ್ಲರೂ ನಕ್ಕರು. ಥಿಯರಿ ಪೇಪರು, ಹಿಂದಿನ ದಿನ ಬಾಯಿಪಾಠ ಹೊಡೆದ್ರೆ ಸಾಕು, ಕೆಲಸಕ್ಕಂತೂ ಬರಲ್ಲ ಅನ್ನೋದು ಎಲ್ಲರ ತೀರ್ಮಾನ. ಮೆಷಿನ್ ಲರ್ನಿಂಗ್‌ನಲ್ಲಿ ಸೀಟು ಸಿಗದವರು ಅದನ್ನ ತಗೊಂಡ್ರು. ನಾನೂ ಹಂಗೇ ತಗೊಂಡವನು.

ಎಂಟನೇ ಸೆಮ್‌ನಲ್ಲಿ ಇಂಟರ್ನ್‌ಶಿಪ್ಪಿಗೆ ಬೆಂಗಳೂರಿಗೆ ಹೋದೆ. ಕಂಪನಿ ಹೆಸರು ಬೇಡ. ಒಂದು ಬ್ಯಾಂಕಿನ ಸಾಲ ವಿಭಾಗಕ್ಕೆ ಸಾಫ್ಟ್‌ವೇರ್ ಮಾಡಿಕೊಡೋ ಪ್ರಾಜೆಕ್ಟು. ಮೊದಲ ವಾರವೇ ಕೋಡ್ ಬರೀಬಹುದು ಅಂದ್ಕೊಂಡಿದ್ದೆ. ಕೊಟ್ಟಿದ್ದು ಚೇಂಜ್ ರಿಕ್ವೆಸ್ಟ್ ಫಾರಂಗಳನ್ನ ಸರಿಯಾಗಿ ತುಂಬಿದ್ದಾರಾ ಅಂತ ನೋಡೋ ಕೆಲಸ. ಏನು ಬದಲಾಗುತ್ತೆ, ಯಾಕೆ, ಕೈಕೊಟ್ಟರೆ ಹಳೇ ಸ್ಥಿತಿಗೆ ಹೇಗೆ ವಾಪಸ್ ಹೋಗೋದು, ಪರೀಕ್ಷೆ ಮಾಡಿದ್ದಕ್ಕೆ ಸಾಕ್ಷಿ ಎಲ್ಲಿ, ಒಪ್ಪಿಗೆ ಕೊಟ್ಟವರು ಯಾರು. ಒಂದು ಬಟನ್ನಿನ ಹೆಸರು ಬದಲಿಸೋಕೂ ಇಷ್ಟೂ ಬೇಕು. ಕೋಡ್ ಬರೆದವನು ಅದನ್ನ ತಾನೇ ಪ್ರೊಡಕ್ಷನ್ ಸರ್ವರಿಗೆ ಹಾಕೋ ಹಾಗಿಲ್ಲ. ಹಾಕುವವನು ಕೋಡ್ ಮುಟ್ಟೋ ಹಾಗಿಲ್ಲ. ಇಬ್ಬರೂ ಒಪ್ಪಿಗೆ ಕೊಡೋ ಹಾಗಿಲ್ಲ, ಅದಕ್ಕೆ ಮೂರನೆಯವರು.

ಆಗ ಆ ಎಲೆಕ್ಟಿವ್ ನೋಟ್ಸ್ ಮತ್ತೆ ತೆಗೆದು ನೋಡಿದೆ. ಕೋಬಿಟ್ ಅಂತ ಒಂದು ಚೌಕಟ್ಟಿದೆ, ಐಸಾಕಾ ಸಂಸ್ಥೆಯದು, ಮೊದಲು ಬಂದಿದ್ದು 1996ರಲ್ಲಿ. ಈಗಿನ ಕೋಬಿಟ್ 2019ರಲ್ಲಿ 40 ಉದ್ದೇಶಗಳಿವೆ. ಅದರಲ್ಲಿ 5 ಮಾತ್ರ ಗವರ್ನೆನ್ಸ್, ಅಂದ್ರೆ ಆಡಳಿತ ಮಂಡಳಿ ದಿಕ್ಕು ಹೇಳಿ ಕಣ್ಣಿಡೋದು. ಉಳಿದ 35 ಮ್ಯಾನೇಜ್‌ಮೆಂಟು, ಅಂದ್ರೆ ನಮ್ಮಂಥವರು ದಿನಾ ಮಾಡೋದು. ಚೇಂಜ್ ನಿಭಾಯಿಸೋದಕ್ಕೆ ಒಂದು, ಪ್ರಾಜೆಕ್ಟ್ ನಿಭಾಯಿಸೋದಕ್ಕೆ ಒಂದು, ಹೀಗೆ. ಪರೀಕ್ಷೆಗೆ ಇಷ್ಟು ಬರೆದ್ರೆ ಹತ್ತು ಮಾರ್ಕ್ಸ್ ಸಿಗುತ್ತೆ. ಆದ್ರೆ ಯಾಕೆ ಇಷ್ಟೆಲ್ಲ ಅನ್ನೋದು ಆ ನೋಟ್ಸಲ್ಲಿ ಇರಲಿಲ್ಲ.

ಅದು ನನಗೆ ಅರ್ಥ ಆಗಿದ್ದು ನಮ್ಮ ಮನೆ ಜಮೀನಿನ ವಿಷಯದಲ್ಲಿ.

ನಮ್ಮದು ಹೊಳೆನರಸೀಪುರ ತಾಲ್ಲೂಕು ಹರದನಹಳ್ಳಿ. ಊರ ಹೆಸರು ಹೇಳಿದ್ರೆ ಸಾಕು, “ಓ, ದೇವೇಗೌಡ್ರ ಊರಾ?” ಅಂತಾರೆ. ಹೌದು, ಅದೇ ಊರು. (ಅವರೂ ಸಿವಿಲ್ ಡಿಪ್ಲೊಮಾ ಮಾಡಿದವರು ಅಂತ ನಮ್ಮ ಸಿವಿಲ್ ಬ್ರಾಂಚಿನವರು ಆಗಾಗ ನೆನಪಿಸ್ತಿರ್ತಾರೆ.) ತಾತ ತೀರಿಕೊಂಡಾಗ ಅವರ ಹೆಸರಲ್ಲಿ ಮೂರು ಎಕರೆ ಇಪ್ಪತ್ತು ಗುಂಟೆ ಇತ್ತು. ಮಕ್ಕಳು ಮೂವರು. ದೊಡ್ಡಪ್ಪ, ನಮ್ಮಪ್ಪ, ಚನ್ನರಾಯಪಟ್ಟಣದ ಕಡೆಗೆ ಕೊಟ್ಟಿರೋ ಅತ್ತೆ. ದೊಡ್ಡಪ್ಪ ಪೌತಿ ಖಾತೆಗೆ ಅರ್ಜಿ ಹಾಕಿದ್ರು, ಅಣ್ಣತಮ್ಮ ಇಬ್ಬರ ಹೆಸರಿಗೆ ಮಾತ್ರ. “ಮದುವೇಲಿ ಅವಳ್ಗೆ ಕೊಟ್ಟಿದ್ದು ಕಮ್ಮಿಯಾ?” ಅನ್ನೋದು ಅವರ ವಾದ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನಾನು ಬಾಯಿ ತೆಗೆದ್ರೆ, “ಓದೋ ಹುಡ್ಗ, ನಿನಗ್ಯಾಕ್ಲಾ ಇದೆಲ್ಲ” ಅಂತ ಸುಮ್ಮನಾಗಿಸಿದ್ರು.

ಇಲ್ಲಿ ಸ್ವಲ್ಪ ‘ಭೂಮಿ’ ಬಗ್ಗೆ ಹೇಳಲೇಬೇಕು. ನಾವೆಲ್ಲ ಹುಟ್ಟೋ ಹೊತ್ತಿಗೇ ನಮ್ಮ ರಾಜ್ಯದಲ್ಲಿ ಶುರುವಾಗಿದ್ದ ಯೋಜನೆ ಅದು. ಅದಕ್ಕೂ ಮುಂಚೆ ಪಹಣಿ ಇದ್ದದ್ದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ. ಪುಸ್ತಕ ಅವರ ಹತ್ತಿರ, ಪೆನ್ನೂ ಅವರ ಹತ್ತಿರ, ನಕಲು ಕೊಡೋರೂ ಅವರೇ. ಸುಮಾರು 9,000 ಗ್ರಾಮಲೆಕ್ಕಿಗರು, 67 ಲಕ್ಷ ರೈತರು, 2 ಕೋಟಿ ದಾಖಲೆ. ರಾಜೀವ್ ಚಾವ್ಲಾ ಅನ್ನೋ ಐಎಎಸ್ ಅಧಿಕಾರಿ ನೇತೃತ್ವದಲ್ಲಿ, ಎನ್‌ಐಸಿ ಬರೆದ ತಂತ್ರಾಂಶ ಇಟ್ಕೊಂಡು, ಆಗಿದ್ದ 177 ತಾಲ್ಲೂಕುಗಳಲ್ಲಿ ಇದನ್ನೆಲ್ಲ ಗಣಕೀಕರಣ ಮಾಡಿದ್ರು. ಮುಗಿದ ಕಡೆ ಕೈಬರಹದ ಪಹಣಿ ನಡೆಯೋಲ್ಲ ಅಂತ ಆದೇಶ ಆಯ್ತು. 15 ರೂಪಾಯಿ ಕೊಟ್ಟು ಯಾರ ಪಹಣಿ ಬೇಕಾದ್ರೂ ಯಾರು ಬೇಕಾದ್ರೂ ತಗೋಬಹುದಾಯ್ತು.

ಗಣಕೀಕರಣ ಅಂದ್ರೆ ಟೈಪ್ ಮಾಡಿ ಇಡೋದು ಅಂತ ನಾವು ತಿಳ್ಕೊಂಡಿರ್ತೀವಿ. ಭೂಮಿಯಲ್ಲಿ ನನಗೆ ಇಷ್ಟವಾಗೋದು ಬೇರೆ ಮೂರು ವಿಷಯ. ಖಾತೆ ಬದಲಾವಣೆ ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕು. ಹಿಂದಿನದನ್ನ ಬಿಟ್ಟು ಮುಂದಿನದನ್ನ ಎತ್ತಿಕೊಳ್ಳೋಕೆ ತಂತ್ರಾಂಶ ಬಿಡಲ್ಲ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬಲ್ಲಿ ನಾವು ಬರೆದ ಕ್ಯೂ ಇದೆಯಲ್ಲ, ಅದೇ, ಆದ್ರೆ ಇಲ್ಲಿ ಅದು ಲಂಚದ ದಾರಿಗೆ ಅಡ್ಡ ನಿಂತಿದೆ. ಎರಡನೇದು, ಸಿಬ್ಬಂದಿ ಒಳಗೆ ಹೋಗೋದು ಬೆರಳಚ್ಚು ಕೊಟ್ಟು. ಪಾಸ್‌ವರ್ಡಾದ್ರೆ “ನಂದಲ್ಲ ಸಾರ್, ಯಾರೋ ಕದ್ದಿದಾರೆ” ಅನ್ನಬಹುದು, ಬೆರಳಿಗೆ ಆ ಮಾತು ನಡೆಯಲ್ಲ. ಮೂರನೇದು ತುಂಬ ಸಣ್ಣದು. ಕಿಯಾಸ್ಕ್‌ನಲ್ಲಿ ಇನ್ನೊಂದು ಪರದೆ ರೈತರ ಕಡೆ ಮುಖ ಮಾಡಿ ಇಟ್ಟಿದ್ರು, ಒಳಗಿನವರು ಏನು ಮಾಡ್ತಿದ್ದಾರೆ ಅಂತ ಹೊರಗಿನವರಿಗೆ ಕಾಣಲಿ ಅಂತ. ಕೋಬಿಟ್ ಪುಸ್ತಕದಲ್ಲಿ ಇದಕ್ಕೆಲ್ಲ ದೊಡ್ಡ ದೊಡ್ಡ ಹೆಸರುಗಳಿವೆ. ಆ ಎರಡನೇ ಪರದೆಯಷ್ಟು ಚೆನ್ನಾಗಿ ಯಾವ ಹೆಸರೂ ಹೇಳಲ್ಲ ಅಂತ ನನ್ನ ಅನಿಸಿಕೆ.

ಈಗ ನಮ್ಮ ಕೇಸಿಗೆ ಬರ್ತೀನಿ. ಪೌತಿ ಖಾತೆ ಅರ್ಜಿಯ ಜೊತೆ ವಂಶವೃಕ್ಷ ಇಡಬೇಕು. ವಂಶವೃಕ್ಷದಲ್ಲಿ ಅತ್ತೆ ಹೆಸರಿತ್ತು. ಹೆಸರಿದ್ದವರಿಗೆಲ್ಲ ನೋಟಿಸ್ ಹೋಗಬೇಕು, ತಕರಾರು ಇದ್ರೆ ಹೇಳೋಕೆ 30 ದಿನ ಕೊಡಬೇಕು. 1964ರ ಭೂಕಂದಾಯ ಕಾಯ್ದೆ ಕಾಲದಿಂದ ಬಂದ ಕ್ರಮ ಅದು. ದೊಡ್ಡಪ್ಪನಿಗೆ ಆ 30 ದಿನ ಬರೀ ಕಿರಿಕಿರಿ. “ಕಂಪ್ಯೂಟ್ರಿದ್ದೂ ತಿಂಗ್ಳು ಕಾಯ್ಬೇಕಾ? ಒಂದ್ ಗುಂಡಿ ಒತ್ತಿದ್ರೆ ಆಗಲ್ವಾ? ನೀನ್ ಇಂಜಿನಿಯರು, ಹೇಳು ನೋಡಾನಾ” ಅಂತ ನನ್ನನ್ನೇ ಕೇಳಿದ್ರು.

ಇಪ್ಪತ್ತನೇ ದಿನಕ್ಕೋ ಏನೋ ಅತ್ತೆ ತಕರಾರು ಕೊಟ್ಟರು. ಅಲ್ಲಿಗೆ ರೆವಿನ್ಯೂ ಇನ್ಸ್‌ಪೆಕ್ಟರ್ ಹಂತದಲ್ಲಿ ಅರ್ಜಿ ಮುಂದಕ್ಕೆ ಹೋಗಲಿಲ್ಲ. ತಕರಾರು ಬಂದ ಕೇಸನ್ನ ಅವರು ತೀರ್ಮಾನ ಮಾಡೋ ಹಾಗಿಲ್ಲ, ಮೇಲಿನವರ ವಿಚಾರಣೆಗೆ ಹೋಗಬೇಕು. ಯಾರಿಗೆ ಎಷ್ಟು ಗುರುತಿದ್ರೂ ಆ ಬಾಗಿಲು ತೆರೆಯಲಿಲ್ಲ. ಆ ವರ್ಷ ಗೌರಿಹಬ್ಬಕ್ಕೆ ಅತ್ತೆಗೆ ನಮ್ಮನೆಯಿಂದ ಬಾಗಿನ ಹೋಗಲಿಲ್ಲ. ಅಪ್ಪ ಮತ್ತು ದೊಡ್ಡಪ್ಪ ಸೇರಿ ಮಾಡ್ತಿದ್ದ ಆಲೂಗಡ್ಡೆ ಬೆಳೆಯನ್ನೂ ಬೇರೆ ಬೇರೆ ಹಾಕಿದ್ರು. ಇದನ್ನೆಲ್ಲ ಬರೆಯೋಕೆ ನನಗೇನೂ ಖುಷಿಯಿಲ್ಲ. ಆದ್ರೆ ಆ ತಿಂಗಳ ಕಾಯುವಿಕೆ ಇಲ್ಲದಿದ್ರೆ ಅತ್ತೆಗೆ ವಿಷಯ ಗೊತ್ತಾಗ್ತಿದ್ದಿದ್ದು ಇಬ್ಬರ ಹೆಸರು ಪಹಣಿಗೆ ಏರಿ, ಅದರ ಮೇಲೆ ಬ್ಯಾಂಕ್ ಸಾಲವೂ ಬಿದ್ದ ಮೇಲೆ.

ಬೆಂಗಳೂರಲ್ಲಿ ಒಂದು ಶುಕ್ರವಾರ ಇದೆಲ್ಲ ನೆನಪಾಯ್ತು. ಬಡ್ಡಿ ಲೆಕ್ಕದ ಮಾಡ್ಯೂಲ್ ಅವತ್ತೇ ರಾತ್ರಿ ಲೈವ್ ಆಗಬೇಕಿತ್ತು. ಪರೀಕ್ಷೆಯಲ್ಲಿ ಹನ್ನೊಂದು ಕೇಸುಗಳು ಬಾಕಿ. ಮ್ಯಾನೇಜರ್ ಒಂದು ದಾರಿ ಹುಡುಕಿದ್ರು: ‘ಎಮರ್ಜೆನ್ಸಿ ಚೇಂಜ್’ ಅಂತ ಹಾಕೋದು. ಎಮರ್ಜೆನ್ಸಿಯಾದ್ರೆ ಮೊದಲು ಹಾಕಿ ಆಮೇಲೆ ಒಪ್ಪಿಗೆ ತಗೋಬಹುದು. ಆ ನಿಯಮ ಇರೋದು ಸಿಸ್ಟಮ್ಮೇ ಬಿದ್ದುಹೋದಾಗ ಎಬ್ಬಿಸೋಕೆ. ಕ್ಯಾಲೆಂಡರಿನಲ್ಲಿ ದಿನ ಮುಗಿದುಹೋಗಿದ್ದಕ್ಕಲ್ಲ. ಟೆಸ್ಟಿಂಗ್ ತಂಡದಲ್ಲಿ ಒಬ್ಬರು ಅಕ್ಕ ಇದ್ದರು, ಧಾರವಾಡದವರು. “ನಾ ಸೈನ್ ಆಫ್ ಕೊಡಂಗಿಲ್ರಿ. ಕೊಡೂದೇ ಬೇಕಂದ್ರ ನೀವ ನಿಮ್ಮ ಹೆಸರಿಲೇ ಕೊಡ್ರಿ” ಅಂದ್ರು. ಮ್ಯಾನೇಜರ್ ಸಾಹೇಬರು ತಮ್ಮ ಹೆಸರಲ್ಲಿ ಕೊಡಲಿಲ್ಲ. ರಿಲೀಸ್ ಒಂದು ವಾರ ಹಿಂದೆ ಹೋಯ್ತು.

ಸಿನಿಮಾ ಆಗಿದ್ರೆ ಆ ಹನ್ನೊಂದು ಕೇಸಿನಲ್ಲಿ ಕೋಟಿಗಟ್ಟಲೆ ರೂಪಾಯಿಯ ಬಗ್ ಸಿಗಬೇಕಿತ್ತು. ಏನೂ ಸಿಗಲಿಲ್ಲ. ಹನ್ನೊಂದೂ ಪಾಸು. ಮುಂದಿನ ಮೀಟಿಂಗಿನಲ್ಲಿ ಆ ಅಕ್ಕನ ಮುಖಕ್ಕೇ, “ಹಾಗಾದ್ರೆ ಒಂದು ವಾರ ವೇಸ್ಟ್ ಆಯ್ತಲ್ಲ” ಅಂದ್ರು. ಅವರು ಉತ್ತರ ಕೊಡಲಿಲ್ಲ. ನನಗೆ ಉತ್ತರ ಗೊತ್ತಿತ್ತು, ಇಂಟರ್ನ್ ಆಗಿದ್ದರಿಂದ ಕೇಳುವವರಿರಲಿಲ್ಲ. ನಮ್ಮೂರಲ್ಲಿ ನೂರು ಪೌತಿ ಖಾತೆ ನೋಟಿಸ್ ಹೋದ್ರೆ ಹೆಚ್ಚಿನವಕ್ಕೆ ಯಾರೂ ತಕರಾರು ತೆಗೆಯಲ್ಲ. ಅಷ್ಟೂ ಮನೆಯವರು ಸುಮ್ಮನೆ ತಿಂಗಳು ಕಾಯ್ತಾರೆ. ಕಾಯುವಾಗ ಯಾವ ಮನೇಲಿ ಒಬ್ಬಳು ಅತ್ತೆ ಇದ್ದಾಳೆ ಅನ್ನೋದು ಕಚೇರಿಯವರಿಗೆ ಗೊತ್ತಿರಲ್ಲ.

ಅಮೆರಿಕದ ನೈಟ್ ಕ್ಯಾಪಿಟಲ್ ಕಥೆ ಕೆಲವರಿಗೆ ಗೊತ್ತಿರಬಹುದು. 2012ರ ಆಗಸ್ಟ್ 1. ಷೇರು ವ್ಯವಹಾರದ ಹೊಸ ಕೋಡನ್ನ ಎಂಟು ಸರ್ವರಿಗೆ ಹಾಕಬೇಕಿತ್ತು, ಒಂದಕ್ಕೆ ಹಾಕೋದು ಬಿಟ್ಟುಹೋಯ್ತು. ಅದರಲ್ಲಿದ್ದ ವರ್ಷಗಟ್ಟಲೆ ಹಳೇ ಕೋಡ್ ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಕಳಿಸ್ತು. 45 ನಿಮಿಷ, 46 ಕೋಟಿ ಡಾಲರಿಗೂ ಮೀರಿದ ನಷ್ಟ. ಇನ್ನೊಬ್ಬರು ಒಮ್ಮೆ ನೋಡಬೇಕು ಅನ್ನೋ ಲಿಖಿತ ಕ್ರಮ ಅಲ್ಲಿ ಇರಲೇ ಇಲ್ಲ ಅಂತ ಅಲ್ಲಿನ ಷೇರು ನಿಯಂತ್ರಕರ ಆದೇಶದಲ್ಲಿದೆ. ನಮ್ಮಲ್ಲೂ 2024ರ ಏಪ್ರಿಲ್ 24ರಂದು ರಿಸರ್ವ್ ಬ್ಯಾಂಕ್ ಕೋಟಕ್ ಮಹೀಂದ್ರಾ ಬ್ಯಾಂಕಿಗೆ ಆನ್‌ಲೈನಲ್ಲಿ ಹೊಸ ಗ್ರಾಹಕರನ್ನ ಸೇರಿಸಬೇಡಿ, ಹೊಸ ಕ್ರೆಡಿಟ್ ಕಾರ್ಡ್ ಕೊಡಬೇಡಿ ಅಂತ ತಡೆ ಹಾಕ್ತು. ಕೊಟ್ಟ ಕಾರಣಗಳನ್ನ ಓದಿದ್ರೆ ನಮ್ಮ ಸಿಲಬಸ್ ಓದಿದ ಹಾಗಿರುತ್ತೆ: ಪ್ಯಾಚ್ ಮತ್ತು ಚೇಂಜ್ ನಿರ್ವಹಣೆ, ಯಾರಿಗೆ ಯಾವ ಆಕ್ಸೆಸ್ ಅನ್ನೋದು, ಹೊರಗಿನ ವೆಂಡರ್‌ಗಳ ಅಪಾಯ, ವಿಪತ್ತಿನ ತಯಾರಿ. ಆ ತಡೆ ತೆಗೆದಿದ್ದು 2025ರ ಫೆಬ್ರವರಿಯಲ್ಲಿ.

ಅಷ್ಟರಲ್ಲಿ ರಿಸರ್ವ್ ಬ್ಯಾಂಕಿನ ಐಟಿ ಗವರ್ನೆನ್ಸ್ ನಿರ್ದೇಶನವೂ ಜಾರಿಯಲ್ಲಿತ್ತು; 2023ರ ನವೆಂಬರಿನಲ್ಲಿ ಹೊರಟು 2024ರ ಏಪ್ರಿಲ್ 1ರಿಂದ ಜಾರಿಯಾದದ್ದು. ಅದರಲ್ಲಿ ನನಗೆ ಹಿಡಿಸಿದ ಸಾಲು, ಮಾಹಿತಿ ಭದ್ರತೆಯ ಮುಖ್ಯಸ್ಥರು ಐಟಿ ಮುಖ್ಯಸ್ಥರ ಕೈಕೆಳಗೆ ಇರಬಾರದು, ಅವರಿಗೆ ವ್ಯಾಪಾರದ ಟಾರ್ಗೆಟ್ಟೂ ಕೊಡಬಾರದು ಅನ್ನೋದು. ಗ್ರಾಮಲೆಕ್ಕಿಗರ ಹತ್ತಿರವೇ ಪುಸ್ತಕ, ಪೆನ್ನು ಎರಡೂ ಇರಬಾರದು ಅಂದ ಹಾಗೆ.

ಹಾಗಂತ ಎಲ್ಲ ಕಂಟ್ರೋಲೂ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಬಟನ್ನಿನ ಹೆಸರು ಬದಲಿಸೋಕೆ ನಾಲ್ಕು ಜನರ ಸಹಿ ಬೇಕಿದ್ದ ಆ ಫಾರಂ ದಂಡ, ಈಗಲೂ ಅದೇ ಅಭಿಪ್ರಾಯ. ಎಲ್ಲರೂ ಓದದೇ ಸಹಿ ಹಾಕ್ತಿದ್ರು. ಓದದೇ ಹಾಕೋ ಸಹಿ ರೂಢಿಯಾದ ಮೇಲೆ ಬಡ್ಡಿ ಲೆಕ್ಕದ ಫಾರಮ್ಮಿಗೂ ಹಾಗೇ ಬೀಳುತ್ತೆ. ಕೋಬಿಟ್ 2019 ಕೂಡ ಎಲ್ಲವನ್ನೂ ಎಲ್ಲ ಕಡೆ ಹೇರಿ ಅನ್ನಲ್ಲ. ಸಂಸ್ಥೆ ಎಷ್ಟು ದೊಡ್ಡದು, ಅಪಾಯ ಎಂಥದ್ದು, ಕಾನೂನು ಎಷ್ಟು ಬಿಗಿ ಅಂತ ನೋಡಿ ಅಳತೆಗೆ ಕತ್ತರಿಸಿ ಹೊಲಿದುಕೊಳ್ಳಿ ಅನ್ನುತ್ತೆ. ನಮ್ಮ ಕಂದಾಯ ಇಲಾಖೆಯೂ ಇದನ್ನ ಮಾಡಿದೆ. ನೋಂದಣಿಯಾದ ಕ್ರಯಪತ್ರದ ಖಾತೆ ಬದಲಾವಣೆಗೆ ಕಾಯೋ ದಿನಗಳನ್ನ ಇತ್ತೀಚೆಗೆ ತುಂಬ ಇಳಿಸಿದ್ದಾರೆ. ಅಲ್ಲಿ ಮಾರುವವರು ಸಬ್‌ರಿಜಿಸ್ಟ್ರಾರ್ ಎದುರು ಕೂತು ಸಹಿ, ಬೆರಳಚ್ಚು ಎರಡೂ ಕೊಟ್ಟಿರ್ತಾರೆ. ಪೌತಿಯಲ್ಲಿ ಒಪ್ಪಿಗೆ ಕೊಡಬೇಕಾದವರೇ ಸತ್ತುಹೋಗಿರ್ತಾರೆ, ಅದಕ್ಕೇ ಉಳಿದವರನ್ನ ಕೇಳಲೇಬೇಕು. ಎಲ್ಲಿ ತೆಳು ಮಾಡಬಹುದು, ಎಲ್ಲಿ ಮಾಡಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಹತ್ತಿರ ಇಲ್ಲ. ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟಿಗೂ ಇಷ್ಟು ಸಾಕು: ರೀಡ್‌ಮಿ ಫೈಲು ಯಾರು ಬೇಕಾದ್ರೂ ತಿದ್ದಲಿ, ಡೆಮೊ ಹಿಂದಿನ ರಾತ್ರಿ ಮೇನ್ ಬ್ರಾಂಚಿಗೆ ಮಾತ್ರ ಇನ್ನೊಬ್ಬರು ನೋಡದೇ ಏನೂ ಹೋಗದಿರಲಿ.

ಅತ್ತೆಯ ತಕರಾರು ವಿಚಾರಣೆಗೆ ಬಂದಾಗ ದೊಡ್ಡಪ್ಪ ಎರಡು ಸಲ ಹೋಗಿ, ಮೂರನೇ ಸಲ ರಾಜಿಗೆ ಒಪ್ಪಿದ್ರು. ಈಗ ಮೂವರ ಹೆಸರಲ್ಲೂ ಜಂಟಿ ಖಾತೆ ಆಗಿದೆ. ಅಪ್ಪ ಅವತ್ತು ಫೋನಲ್ಲಿ, “ಆಯ್ತು ಕಣಪ್ಪ, ಆಗಿದ್ದು ಒಳ್ಳೇದೇ ಆಯ್ತು” ಅಂತಷ್ಟೇ ಅಂದ್ರು.

ಪೋಡಿ ಮಾಡಿಸಿ ಬೇರೆ ಬೇರೆ ಮಾಡ್ಕೊಳೋಣ ಅಂತ ಹೊರಟರೆ ಈಗ ಹೊಸ ಸಮಸ್ಯೆ. ಪಹಣಿಯ 3ನೇ ಕಾಲಂನಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಇರುತ್ತೆ, 9ನೇ ಕಾಲಂನಲ್ಲಿ ಒಬ್ಬೊಬ್ಬ ಮಾಲೀಕರ ಹೆಸರಿನ ಮುಂದೆ ಅವರವರ ವಿಸ್ತೀರ್ಣ. 9ನೇದನ್ನ ಕೂಡಿದ್ರೆ 3ನೇದಕ್ಕೆ ತಾಳೆ ಆಗಬೇಕು. ನಮ್ಮ ಸರ್ವೆ ನಂಬರಿನಲ್ಲಿ ಎರಡು ಗುಂಟೆ ಹೆಚ್ಚು ಬರುತ್ತೆ. ಕೈಬರಹದ ಪುಸ್ತಕದಲ್ಲೇ ಹಾಗಿತ್ತೋ, ಟೈಪ್ ಮಾಡುವಾಗ ಆಯ್ತೋ, ಹೇಳೋಕೆ ತಾತನೂ ಇಲ್ಲ, ಆಗಿನ ಲೆಕ್ಕಿಗರೂ ಇಲ್ಲ. ಬೆರಳಚ್ಚು, ಸರದಿ, ನೋಟಿಸು ಎಲ್ಲ ದಾಟಿ ಬಂದ ತಪ್ಪು ಅದು, ಯಾಕಂದ್ರೆ ಅವು ಶುರುವಾಗೋಕೆ ಮುಂಚೆಯೇ ಒಳಗಿತ್ತು. ಸರ್ವೆಯವರು ಬಂದು ಚೈನ್ ಹಿಡಿದು ಅಳೆಯೋವರೆಗೆ ಆ ಎರಡು ಗುಂಟೆ ಯಾರದ್ದೂ ಅಲ್ಲ. ಅತ್ತೆ ನಗ್ತಾ ಹೇಳಿದ್ದು: “ಅದೂ ನಂದೇ ಅಂತ ಬರ್ಸ್ಬಿಡೋ ಮಗ, ನಿನ್ ಕಂಪ್ಯೂಟ್ರಲ್ಲಿ.”