ಕಾವೇರಿಗೆ ಹಾಡು ಸಿಕ್ಕಿತು, ನಮ್ಮ ಹೊಳೆಗೆ?

ರಾಕ್ ಸಂಗೀತ ಅಂದರೆ ನಮ್ಮ ಕಡೆ ಬಹಳ ಮಂದಿಗೆ ಉದ್ದ ಕೂದಲು, ಗಿಟಾರು, ಕಿರುಚಾಟ ಅಷ್ಟೇ ನೆನಪಾಗುತ್ತದೆ. ಬೆಂಗಳೂರಿನಲ್ಲಿದ್ದ ನಾಲ್ಕು ವರ್ಷ ನಾನು ಸಂಬಳದಲ್ಲಿ ಉಳಿಸಿದ ಹಣದಿಂದ ಇಂಥ ಕಾರ್ಯಕ್ರಮಗಳಿಗೆ ಹೋಗುತ್ತಿದ್ದೆ. ಅಲ್ಲಿ ಕಂಡಿದ್ದನ್ನು ಊರಿನವರಿಗೆ ಹೇಳಬೇಕು ಅನ್ನಿಸಿದೆ. ಯಾಕೆಂದರೆ ಅದರಲ್ಲಿ ಅನಗವಾಡಿಗೆ ಸಂಬಂಧಿಸಿದ ಮಾತೂ ಇದೆ.

ಮೊದಲು 'ಇಂಡಿ' ಅಂದರೇನು ಹೇಳಿಬಿಡುತ್ತೇನೆ. ವಿಜಯಪುರ ಜಿಲ್ಲೆಯ ಇಂಡಿ ಅಲ್ಲ! ಸಿನಿಮಾದ ಹಂಗಿಲ್ಲದೆ, ದೊಡ್ಡ ಕಂಪನಿಯ ಹಂಗಿಲ್ಲದೆ ತಮ್ಮ ಹಾಡು ತಾವೇ ಕಟ್ಟಿ ಹಾಡುವವರನ್ನು ಹಾಗೆ ಕರೆಯುತ್ತಾರೆ. ಬೆಂಗಳೂರಿನ 'ಥರ್ಮಲ್ ಅಂಡ್ ಎ ಕ್ವಾರ್ಟರ್' ತಂಡ 1996ರಿಂದ ಇಂಗ್ಲಿಷಿನಲ್ಲಿ ಹಾಡುತ್ತಿದೆ. 2002ರಲ್ಲಿ ಹುಟ್ಟಿದ 'ಸ್ವರಾತ್ಮ' ಕನ್ನಡ, ಹಿಂದಿ ಎರಡರಲ್ಲೂ ಹಾಡುತ್ತದೆ. ರಘು ದೀಕ್ಷಿತ್ ಅವರ ಹೆಸರು ನೀವು ಕೇಳಿಯೇ ಇರುತ್ತೀರಿ. ಈ ಲೆಕ್ಕದಲ್ಲಿ ನೋಡಿದರೆ ನಮ್ಮ ಭಜನಿ ಮ್ಯಾಳ, ಗೀಗೀ ಮ್ಯಾಳ, ಡೊಳ್ಳಿನ ಪದದವರು ಎಲ್ಲರೂ ಇಂಡಿಗಳೇ.

ಮೊದಲ ಸಲ ಹೋದಾಗ ನನಗೆ ಹಿಡಿಸಿದ್ದು ಹಾಡಲ್ಲ, ಹಾಡಿಗೆ ಮುಂಚಿನ ತಯಾರಿ. ಬೇಗ ಹೋಗಿದ್ದೆ. ವೇದಿಕೆ ಮೇಲೆ ಒಬ್ಬ ಬರೀ ಡ್ರಮ್ ಬಾರಿಸುತ್ತಿದ್ದ. ಆಮೇಲೆ ಬರೀ ಪಿಟೀಲು. ಆಮೇಲೆ ಬರೀ ದನಿ. ದೂರದಲ್ಲಿ ಕೂತಿದ್ದ ಸೌಂಡಿನವನು ಒಂದೊಂದನ್ನೇ ಏರಿಸಿ ಇಳಿಸಿ ಹದ ಮಾಡುತ್ತಿದ್ದ. ಕಾರ್ಯಕ್ರಮ ಶುರುವಾದ ಮೇಲೆ ಸದ್ದು ಜೋರಾಗಿಯೇ ಇತ್ತು, ಆದರೆ ಹಾಡುವವನ ಮಾತು ಒಂದೂ ತಪ್ಪದೆ ಕೇಳಿಸಿತು. ನಮ್ಮ ಜಾತ್ರೆಯಲ್ಲಿ ಡಾಲ್ಬಿ ಹಚ್ಚಿದರೆ ಎದೆ ನಡುಗುತ್ತದೆ, ಕಿಟಕಿ ನಡುಗುತ್ತದೆ, ಪದ ಮಾತ್ರ ಕೇಳಿಸುವುದಿಲ್ಲ. ಭಜನಿಯವರಿಗಂತೂ ಒಂದೇ ಮೈಕು. ಪೇಟಿಯ ಮುಂದೆ ಇಟ್ಟರೆ ದನಿ ಹೋಯಿತು, ದನಿಗೆ ಇಟ್ಟರೆ ಪೇಟಿ ಹೋಯಿತು.

ರಘು ದೀಕ್ಷಿತ್ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಬರುತ್ತಾರೆ. 2008ರಲ್ಲಿ ಬಂದ ಅವರ ಮೊದಲ ಆಲ್ಬಂನಲ್ಲೇ ಶಿಶುನಾಳ ಶರೀಫರ ಗುಡುಗುಡಿಯ ಪದವೂ ಇದೆ, ಸೋರುವ ಮಾಳಿಗೆಯ ಪದವೂ ಇದೆ. ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ನೂರಕ್ಕೂ ಹೆಚ್ಚು ವರ್ಷಗಳಿಂದ ನಮ್ಮ ಗುಡಿಕಟ್ಟೆಗಳ ಮೇಲೆ ಅಮಾವಾಸ್ಯೆಗೊಮ್ಮೆ ಹಾಡಿಕೊಂಡು ಬಂದ ಪದ ಅದು. ಅದನ್ನೇ ಗಿಟಾರಿನ ಜೊತೆ ಕೇಳಿದಾಗ, ನನ್ನ ಪಕ್ಕದಲ್ಲಿ ನಿಂತಿದ್ದ ಕನ್ನಡ ಬಾರದ ಹುಡುಗ ಹುಡುಗಿಯರು ಕುಣಿಯುತ್ತ ದನಿಗೂಡಿಸಿದರು. ಹೆಮ್ಮೆ ಅನ್ನಿಸಿತು. ಜೊತೆಗೆ ಸ್ವಲ್ಪ ಸಂಕಟವೂ ಆಯಿತು. ಅಲ್ಲಿ ಒಳಗೆ ಹೋಗಲು ನಾನು 500 ರೂಪಾಯಿ ಕೊಟ್ಟಿದ್ದೆ. ಊರಿನಲ್ಲಿ ಅದೇ ಪದವನ್ನು ಬೆಳತನಕ ಹಾಡಿದವರಿಗೆ ನಾವು ಕೊಡುವುದು ಒಂದು ತೆಂಗಿನಕಾಯಿ, ಎರಡು ಸಲ ಚಹಾ. ಅದೇ ಜಾತ್ರೆಯಲ್ಲಿ ಡಾಲ್ಬಿಗೆ ಮನೆಮನೆ ಪಟ್ಟಿ ಎತ್ತಿ ಸಾವಿರಗಟ್ಟಲೆ ಎಣಿಸುತ್ತೇವೆ.

ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ಸ್ವರಾತ್ಮ. ಅವರ ಹಾಡುಗಾರ ವಾಸು ದೀಕ್ಷಿತ್ ಮೈಸೂರಿನವರು. ನಮ್ಮ ಮೆರವಣಿಗೆಯ ಕೀಲುಕುದುರೆಯ ಹಾಗೆ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಜನರ ನಡುವೆಯೇ ಬಂದುಬಿಡುತ್ತಾರೆ. ಜನ ನಗುತ್ತಾರೆ, ಕುಣಿಯುತ್ತಾರೆ. ಅದೇ ತಂಡದ 2009ರ ಮೊದಲ ಆಲ್ಬಂನಲ್ಲಿ 'ಪ್ಯಾಸಿ' ಅಂತ ಒಂದು ಹಾಡಿದೆ. ಪ್ಯಾಸಿ ಅಂದರೆ ಬಾಯಾರಿದವಳು. ಎರಡು ರಾಜ್ಯಗಳ ಜಗಳದ ನಡುವೆ ಸಿಕ್ಕ ಕಾವೇರಿಯ ಹಾಡು ಅದು. ಪೇಪರಿನಲ್ಲಿ ಟಿಎಂಸಿ ಲೆಕ್ಕವಾಗಿ ಓದಿದ ಸುದ್ದಿಯನ್ನು ಇವರು ಹಾಡು ಮಾಡಿದ್ದಾರಲ್ಲ ಅನ್ನಿಸಿತು. ಹಾಡು ಮುಗಿದರೂ ನನ್ನ ತಲೆಯಲ್ಲಿ ಘಟಪ್ರಭೆ ಓಡುತ್ತಿತ್ತು.

ಅನಗವಾಡಿ ಸೇತುವೆ ಮೇಲೆ ಬಸ್ಸಿನಲ್ಲಿ ಹೋಗುವಾಗ ಕೆಳಗೆ ಕಾಣುವ ನೀರಿನಲ್ಲಿ ಆಲಮಟ್ಟಿಯ ಹಿನ್ನೀರೂ ಸೇರಿದೆ ಅಂತ ನಿಮಗೆ ಹೇಳಬೇಕಿಲ್ಲ. ಬೀಳಗಿ ತಾಲೂಕಿನಲ್ಲಿ ಎಷ್ಟೋ ಊರು ಎತ್ತಂಗಡಿಯಾದವು. ಹಳೇ ಬಾಗಲಕೋಟೆಯ ಅರ್ಧ ಬಾಳು ನವನಗರಕ್ಕೆ ಹೋಯಿತು. ಈಗ ಜಲಾಶಯದಲ್ಲಿ ನೀರು ನಿಲ್ಲಿಸುವುದು 519.60 ಮೀಟರ್ ತನಕ. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿದೆ. ಅಷ್ಟು ಏರಿದರೆ ಇನ್ನಷ್ಟು ಹೊಲ, ಇನ್ನಷ್ಟು ಮನೆ ನೀರಿಗೆ ಹೋಗುತ್ತವೆ. ಈ ಎರಡು ಅಂಕಿಗಳ ನಡುವೆ ನಮ್ಮ ಒಂದು ತಲೆಮಾರು ಮುದುಕಾಗಿದೆ. ಇದರ ಮೇಲೆ ಒಂದು ಪದವನ್ನು ನಮ್ಮ ಜಾತ್ರೆಯ ವೇದಿಕೆ ಮೇಲೆ ನಾನು ಕೇಳಿಲ್ಲ.

ಹೊಸ ಹಾಡು ಕಟ್ಟುವವರಿಗೆ ನಮ್ಮಲ್ಲಿ ಬರವಿಲ್ಲ. ಯೂಟ್ಯೂಬ್ ತೆರೆದರೆ ನಮ್ಮ ಕಡೆಯ ಹುಡುಗರು ವಾರಕ್ಕೊಂದು ಜಾನಪದ ಹಾಡು ಬಿಡುತ್ತಿದ್ದಾರೆ. ಟ್ರ್ಯಾಕ್ಟರ್ ಮೇಲೆ, ಕೈಕೊಟ್ಟ ಹುಡುಗಿ ಮೇಲೆ, ಗೆಳೆತನದ ಮೇಲೆ. ನಾನೂ ಕೇಳುತ್ತೇನೆ, ಚಲೋ ಇರುತ್ತವೆ. ಡೊಳ್ಳಿನ ಪದದಲ್ಲಿ ಎರಡು ಮ್ಯಾಳ ಎದುರು ಬದುರು ನಿಂತು ಬೆಳಗಾಗುವ ತನಕ ವಾದ ಮಾಡುತ್ತವೆ. ಗೀಗೀಯಲ್ಲಿ ಹರದೇಶಿ ಗಂಡು ಹೆಚ್ಚು ಅಂದರೆ ನಾಗೇಶಿ ಹೆಣ್ಣು ಹೆಚ್ಚು ಅನ್ನುತ್ತದೆ. ಪರಿಹಾರದ ಬಗ್ಗೆ, ಹೊಸ ಊರಿನ ಬಗ್ಗೆ ಸವಾಲ್ ಜವಾಬ್ ಮಾಡಲು ಇದಕ್ಕಿಂತ ಒಳ್ಳೆಯ ಪದ್ಧತಿ ಯಾವುದಿದೆ? ನಮಗೆ ಗಿಟಾರು ಬೇಕಾಗಿಲ್ಲ. ದಪ್ಪು, ತುಂತುಣಿ, ತಾಳ ಸಾಕು.

ಹೋದ ತಿಂಗಳು ಊರಿಗೆ ಬಂದಾಗ ಭಜನಿ ಮ್ಯಾಳದ ಹಿರಿಯರೊಬ್ಬರನ್ನು ಕೇಳಿದೆ.

"ಕಾಕಾ, ಮುಳುಗಡಿ ಮ್ಯಾಲ ಒಂದ್ ಪದ ಯಾಕ ಕಟ್ಟಲಿಲ್ಲ ನೀವು?"

"ಯಾರ್ ಕೇಳಿದ್ರಪಾ ತಮ್ಮಾ? ಕೇಳಿದ್ರ ಕಟ್ಟತಿದ್ದೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನೀರೊಳಗೆ ಹೋದ ಹೊಲಗಳ ಹೆಸರು ಹೇಳಲು ಶುರು ಮಾಡಿದರು. ಬನ್ನಿಗಿಡದ ಪಟ್ಟಿ, ಹುಣಸಿಮರದ ಹೊಲ, ದೊಡ್ಡ ಮಡ್ಡಿ, ಅಕ್ಕನ ಹೊಲ. ಒಂದೊಂದು ಹೆಸರಿಗೂ ತೊಡೆಯ ಮೇಲೆ ತಾಳ ಬೀಳುತ್ತಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ, ಹನ್ನೊಂದು ನಿಮಿಷ ಇದೆ.

ಮೊನ್ನೆ ಅವರೇ ಫೋನ್ ಮಾಡಿದ್ದರು. ಮೊದಲ ಎರಡು ನುಡಿ ಆಗಿವೆಯಂತೆ. "ಯಾವ ಹೊಲಕ್ಕ ಯಾವ ಇಸ್ವಿಯಾಗ ನೀರ್ ಬಂತು, ಸರಿಯಾಗಿ ನೋಡಿ ಹೇಳು. ಪದದಾಗ ಸುಳ್ಳು ಬರಬಾರದು," ಅಂದರು.

ಅದಕ್ಕೇ ಈ ಬರಹ. ನಿಮ್ಮ ಮನೆಯ ಟ್ರಂಕಿನಲ್ಲಿ ಮುಳುಗಡೆಯ ಹಳೇ ನೋಟೀಸು, ಉತಾರ ಇದ್ದರೆ ತೆಗೆದು ಇಸವಿ ನೋಡಿರಿ. ಹೊಲದ ಹೆಸರು ನೆನಪಿದ್ದವರು ಮನೆಯಲ್ಲಿದ್ದರೆ ಕೇಳಿ ಬರೆದಿಡಿರಿ. ಇನ್ನು ಜಾತ್ರೆ ಕಮಿಟಿಯವರಲ್ಲಿ ಒಂದು ಮಾತು: ಈ ಸಲ ಡಾಲ್ಬಿಗೆ ಮುಂಚೆ ಒಂದು ತಾಸು ಕಾಕಾನ ಮ್ಯಾಳಕ್ಕೆ ಬಿಡಿರಿ. ಮೈಕು ಮೂರು ಇರಲಿ, ಸಂಜೆಗೇ ಹಚ್ಚಿ ಹದ ನೋಡಿರಿ. ಪಟ್ಟಿಯಲ್ಲಿ ಅವರ ಹೆಸರಿಗೂ ಒಂದು ಮೊತ್ತ ಬರೆಯಿರಿ. ನನ್ನ 500 ರೂಪಾಯಿ ಮೊದಲು ಬರೆದುಕೊಳ್ಳಿರಿ.