ದೊಡ್ಡಮ್ಮನ ತಲಾಂತು

ಮಂಗಳೂರಿನ ನಮ್ಮ ಜೆಪ್ಪುವಿನಲ್ಲಿ ಮಳೆ ಶುರುವಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸದು. ಅಂಥದೊಂದು ಭಾನುವಾರ ನಮ್ಮ ಸಭೆಯ ಪಾದ್ರಿ ಅಯ್ಯನವರು ಯೇಸು ಹೇಳಿದ ತಲಾಂತುಗಳ ಸಾಮ್ಯದ ಮೇಲೆ ಪ್ರಸಂಗ ಮಾಡಿದ್ದರು. ಯಜಮಾನ ಒಬ್ಬ ಆಳಿಗೆ ಐದು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ತಲಾಂತು ಹಣ ಕೊಟ್ಟು ದೂರದೇಶಕ್ಕೆ ಹೋದ ಕಥೆ. ಒಂದು ಸಿಕ್ಕಿದವನು ಹೆದರಿ ಅದನ್ನು ಮಣ್ಣಿನಲ್ಲಿ ಹೂತಿಟ್ಟ.

ಮಧ್ಯಾಹ್ನ ಅಯ್ಯನವರಿಗೆ ನಮ್ಮಲ್ಲೇ ಊಟ. ಕೋರಿ ರೊಟ್ಟಿ. ರೊಟ್ಟಿ ಸಾರಿನಲ್ಲಿ ಪೂರ್ತಿ ನೆನೆದು ಮೆತ್ತಗಾಗುವ ತನಕ ಅವರು ಕೈ ಹಾಕುತ್ತಿರಲಿಲ್ಲ. ಆ ಹೊತ್ತಿನಲ್ಲೇ ಅವರ ಒಳ್ಳೊಳ್ಳೆಯ ಮಾತುಗಳು ಬರುತ್ತಿದ್ದದ್ದು.

ಬಡಿಸುತ್ತಿದ್ದ ದೊಡ್ಡಮ್ಮ ಅಂದರು: "ನಿಮಗೆ ಐದು ಉಂಟು ಅಯ್ಯಾ, ಹೇಳ್ತೀರಿ. ನನಗೆ ಎಂತ ಉಂಟು? ಓದಲಿಕ್ಕೂ ಬರುವುದಿಲ್ಲ."

ದೊಡ್ಡಮ್ಮ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ನಮ್ಮವರಲ್ಲಿ ಬಹಳ ಮನೆಗಳ ಕಥೆ ಅದೇ. ಕ್ರೈಸ್ತರಾದ ಮೇಲೆ ಕುಲಕಸುಬು ಹೋಯಿತು, ನೆಂಟರು ಬಾಗಿಲು ಹಾಕಿಕೊಂಡರು. ಅಂಥವರಿಗೆ ಅನ್ನದ ದಾರಿ ಆಗಲೆಂದು ಬಾಸೆಲ್ ಮಿಷನ್ನಿನವರು ಮಗ್ಗ, ಅಚ್ಚುಕೂಟ, ಹೆಂಚು ಎಂದೆಲ್ಲ ಶುರುಮಾಡಿದರು. ಹಳೇ ಮನೆಗಳ ಮಾಡಿನ ಹೆಂಚು ಮಗುಚಿ ನೋಡಿದರೆ 1865 ಎಂದು ಒತ್ತಿದ್ದು ಈಗಲೂ ಕಾಣುತ್ತದೆ. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣು ಅದು. ಗೂಡಿನಿಂದ ಬಂದ ಹೆಂಚನ್ನು ದೊಡ್ಡಮ್ಮ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಗಟ್ಟಿ ಹೆಂಚು ಠಣ್ ಅನ್ನುತ್ತದೆ, ಕೂದಲೆಳೆಯಷ್ಟು ಬಿರುಕು ಇದ್ದರೂ ದನಿ ಸತ್ತಿರುತ್ತದೆ. ಕಣ್ಣಿಗೆ ಕಾಣದ್ದು ಅವರ ಕಿವಿಗೆ ಸಿಗುತ್ತಿತ್ತು.

ಅಯ್ಯನವರು ಕೇಳಿದರು: "ಒಂದು ತಲಾಂತು ಅಂದರೆ ಎಷ್ಟು ಗೊತ್ತುಂಟಾ? 6000 ದಿನಾರಿ. ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ."

ದೊಡ್ಡಮ್ಮ ಭಾನುವಾರ, ಹಬ್ಬ ಎಲ್ಲ ಬಿಟ್ಟು ಮನಸ್ಸಿನಲ್ಲೇ ಲೆಕ್ಕ ಹಾಕಿರಬೇಕು. ಸೌಟು ಕೈಯಲ್ಲೇ ನಿಂತಿತು. "ಇಪ್ಪತ್ತು ವರ್ಷದ ದುಡಿಮೆ! ಎಲ್ಲರಿಗಿಂತ ಕಡಿಮೆ ಸಿಕ್ಕಿದವನಿಗೆ ಇಷ್ಟಾ?"

"ದೇವರ ಹತ್ತಿರ ಚಿಲ್ಲರೆ ಇಲ್ಲ," ಅಂದರು ಅಯ್ಯನವರು. ರೊಟ್ಟಿಗೆ ಕೈ ಹಾಕಿದರು.

ಅದಾಗಿ ಎಷ್ಟು ದಿನವೋ, ಮಳೆ ಹಿಂದೆಗೆದಿತ್ತು. ಬೆಳೆ ಹಬ್ಬಕ್ಕೆ ಗಾಯನ ತಂಡದ ಅಭ್ಯಾಸ. ನಮ್ಮದು ಜರ್ಮನಿಯಿಂದ ಬಂದ ರಾಗಗಳು, ನಾಲ್ಕು ಧ್ವನಿ ಒಟ್ಟಿಗೆ ಕೂಡಬೇಕು. ಅವತ್ತು ಏನು ಮಾಡಿದರೂ ಕೂಡುತ್ತಿಲ್ಲ. ಮಾಸ್ಟರರು ಹಾರ್ಮೋನಿಯಂ ಒತ್ತಿ ಒತ್ತಿ ಸೋತರು. ಎಲ್ಲರಿಗೂ ಕಾಫಿ ತಂದಿದ್ದ ದೊಡ್ಡಮ್ಮ ಬಾಗಿಲಲ್ಲೇ ನಿಂತು ಮೆಲ್ಲಗೆ ಅಂದರು: "ಎರಡನೇ ಸಾಲಿನಲ್ಲಿ ಒಂದು ಒಡೆದದ್ದು ಉಂಟು."

ಎರಡನೆಯದೋ ಮೂರನೆಯದೋ, ಸಾಲು ನನಗೆ ಸರಿಯಾಗಿ ನೆನಪಿಲ್ಲ. ಮಾಸ್ಟರರು ಒಬ್ಬೊಬ್ಬರನ್ನೇ ಹಾಡಿಸಿದರು. ಟೆನರಿನ ಒಬ್ಬ ಹುಡುಗ, ಸ್ವರ ಒಂದೆಳೆ ಕೆಳಗೆ. ದೊಡ್ಡಮ್ಮ ಹೇಳಿದ ಸಾಲಿನವನೇ.

ಮಾಸ್ಟರರು "ನೀವೂ ಬಂದು ಕೂತುಕೊಳ್ಳಿ" ಅಂದದ್ದಕ್ಕೆ ಅವರು ಕಾಫಿ ಲೋಟ ಬಾಚಿಕೊಂಡು ಹೊರಟೇಬಿಟ್ಟರು. ಪುಸ್ತಕ ಓದಲಾರದವಳಿಗೆ ಅಲ್ಲೆಂತ ಕೆಲಸ ಎಂದು. ಸುದ್ದಿ ಅಯ್ಯನವರಿಗೆ ಮುಟ್ಟಿತು. ದಾರಿಯಲ್ಲಿ ಸಿಕ್ಕಾಗ ಅವರು ಕೇಳಿದ್ದು ಒಂದೇ ಮಾತು: "ಎಲ್ಲಿ ಹೂತಿಟ್ಟಿದ್ದೀರಿ ಅಮ್ಮಾ?"

ನನಗೆ ಅನ್ನಿಸುವುದು, ದೊಡ್ಡಮ್ಮನಿಗೆ ಆವತ್ತು ಬಂದದ್ದು ತನ್ನ ಮೇಲಿನ ಭರವಸೆಯಲ್ಲ. ಕೊಟ್ಟವನ ಮೇಲಿನ ಭರವಸೆ. ಅವನು ಲೆಕ್ಕ ತಪ್ಪಿ ಕೊಟ್ಟಿರಲಾರ ಎಂಬ ನಂಬಿಕೆ. ಮುಂದಿನ ಶನಿವಾರ ಸೀರೆ ಬದಲಿಸಿ, ತಲೆಗೆ ಎಣ್ಣೆ ಹಾಕಿ ಬಾಚಿ, ಎಲ್ಲರಿಗಿಂತ ಮೊದಲು ಬಂದು ಕೂತರು. ಆಲ್ಟೊ ಸಾಲುಗಳೆಲ್ಲ ಅವರಿಗೆ ಕೇಳಿಯೇ ಬಾಯಿಪಾಠವಾದವು. ಆ ಟೆನರ್ ಹುಡುಗನನ್ನು ಅಭ್ಯಾಸಕ್ಕೆ ಮೊದಲು ಕರೆದು, ಒಂದೇ ಸಾಲನ್ನು ಅವನ ದನಿ ಕೂಡುವ ತನಕ ಜೊತೆಗೆ ಹಾಡಿದರು. ಕಾರ್ಖಾನೆಯಲ್ಲಿ ಒಡೆದದ್ದು ರಾಶಿಗೆ ಹೋಗುತ್ತಿತ್ತು, ಇಲ್ಲಿ ಹೋಗಲಿಲ್ಲ.

ಹಬ್ಬದ ದಿನ ಹಾಡು ಮುಗಿದು, ಅಂಗಳದಲ್ಲಿ ಕಾಣಿಕೆಗಳ ಏಲ ನಡೆಯುತ್ತಿತ್ತು. ದೊಡ್ಡಮ್ಮನ ಬೂದುಕುಂಬಳಕ್ಕೆ ಜನ ಕೂಗಿ ಕೂಗಿ ಬೆಲೆ ಏರಿಸುತ್ತಿದ್ದರು. ಅವರು ಅತ್ತ ತಿರುಗಿಯೂ ನೋಡಲಿಲ್ಲ. ಮಾಸ್ಟರರ ಅಂಗಿ ತೋಳು ಹಿಡಿದುಕೊಂಡು, ಕ್ರಿಸ್ಮಸ್ಸಿಗೆ ಯಾವ ಹಾಡು, ಅಭ್ಯಾಸ ಯಾವಾಗಿಂದ ಎಂದು ಕೇಳುತ್ತಿದ್ದರು.