ಒಂದು ಯಂತ್ರ, ಎರಡು ಚಾಕರಿ

ಪೀಣ್ಯದ ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರು. ರಾತ್ರಿ ಒಂಬತ್ತಾಯಿತೆಂದರೆ ಅದು ನನ್ನ ತಮ್ಮನ ಸ್ವತ್ತು. ವ್ಯಾಲೊರಂಟ್ ಎಂಬ ಗುಂಡಿನ ಕಾಳಗವನ್ನು ಆಡುತ್ತ, ಕನ್ನಡದಲ್ಲಿ ಹರಟುತ್ತ, ಅದನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತಾನೆ. ನೋಡುವವರು ಮೂವತ್ತು ನಲವತ್ತು ಮಂದಿ. ಬಹುಪಾಲು ಪಾಳಿ ಮುಗಿಸಿ ಬಂದ ಕಾರ್ಖಾನೆಯ ಹುಡುಗರು. ಚಿತ್ರ ತಡವರಿಸತೊಡಗಿದಾಗ ಅವರೂ ಒಬ್ಬೊಬ್ಬರಾಗಿ ಎದ್ದುಹೋಗತೊಡಗಿದರು.

ಆಟ ಆಡಿಸುವುದೂ ಆ ಬಡಪಾಯಿ ಯಂತ್ರವೇ, ಚಿತ್ರವನ್ನು ಕುಗ್ಗಿಸಿ ಮೂಟೆಕಟ್ಟಿ ಸಾಗಿಸುವುದೂ ಅದೇ. ಎರಡು ಚಾಕರಿ ಹೊತ್ತವನ ಪಾಡು ವಾಚಕರಿಗೆ ತಿಳಿಯದ್ದಲ್ಲ. ಮೂಟೆ ಕಟ್ಟುವ ಕೆಲಸವನ್ನು ಪ್ರೊಸೆಸರಿಗೆ ಹಚ್ಚಿದರೆ ಆಟ ಮುಗ್ಗರಿಸುತ್ತದೆ. ಎನ್‌ವಿಡಿಯಾದವರು 2012ರಿಂದ ತಮ್ಮ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಇದಕ್ಕೆಂದೇ ಬೇರೊಂದು ಭಾಗವನ್ನಿಟ್ಟಿದ್ದಾರೆ, ಹೆಸರು ಎನ್‌ವೆಂಕ್. ಓಬಿಎಸ್ ತಂತ್ರಾಂಶದಲ್ಲಿ ಅದನ್ನು ಆರಿಸಿದೊಡನೆ ಅರ್ಧ ಸಂಕಟ ಕಳೆಯಿತು. ಆದರೆ ಕಡಿವಾಣವಿಲ್ಲದ ಆಟ ಸೆಕೆಂಡಿಗೆ ನೂರಾರು ಚಿತ್ರ ಬರೆದು ಕಾರ್ಡನ್ನೆಲ್ಲ ತಾನೇ ನುಂಗುತ್ತದೆ. ದೃಶ್ಯ ಜೋಡಿಸಲು ಓಬಿಎಸ್‌ಗೂ ಅಲ್ಲಿ ಚೂರು ಜಾಗ ಬೇಡವೆ? ನಮ್ಮ ಪರದೆ ತೋರಿಸುವುದೇ 60. ಆಟವನ್ನು ಅಷ್ಟಕ್ಕೇ ನಿಲ್ಲಿಸಿದೆವು. ತಮ್ಮ ಗೊಣಗಿದ.

ಚಿತ್ರ ಮಾತ್ರ 1080 ಗೆರೆಯದ್ದೇ ಇರಲೆಂದು ಅವನ ಹಟ. "ಮಸುಕಾದ್ರೆ ಯಾರು ನೋಡ್ತಾರಣ್ಣ?" ಎಂದ. ಅದಕ್ಕೆ ಸೆಕೆಂಡಿಗೆ ಸುಮಾರು 6000 ಕಿಲೋಬಿಟ್ ಬೇಕು. ನಮ್ಮ ಸಂಪರ್ಕ ಅಷ್ಟನ್ನು ಎಡೆಬಿಡದೆ ಹೊರುವುದಿಲ್ಲ. ಅವನ ಮಾತಿಗೋ, 160 ಸಾಕು! ಆ ಹುಡುಗರು ಅಂಗೈಯಗಲದ ಫೋನು ಹಿಡಿದು ಕೂರುವುದು ಅವನ ಮಾತಿಗಾಗಿ. ದಾರಿ ಕಟ್ಟಿದರೆ ಚಿತ್ರದೊಡನೆ ಅದೂ ತುಂಡಾಗುತ್ತದೆ. ಕೊನೆಗೆ 720 ಗೆರೆ, 3000 ಕಿಲೋಬಿಟ್ ಎಂದು ರಾಜಿಯಾಯಿತು.

ಮರುರಾತ್ರಿ ಒಬ್ಬ ಬರೆದಿದ್ದ: "ಗುರೂ, ಇವತ್ತು ನಿನ್ ಬೈಗುಳ ಒಂದೂ ಬಿಡದೆ ಕೇಳಿಸ್ತು."